ಉಳಿದವರು ಆರಿಸುವ ನಾಯಕ

2022ರ ಅಕ್ಟೋಬರ್ 17ರಂದು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಒಂದು ಮತಗಟ್ಟೆ ತೆರೆದಿತ್ತು. ಭಾರತ್ ಜೋಡೋ ಯಾತ್ರೆ ಅಂದು ಅಲ್ಲಿ ತಂಗಿತ್ತು. ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿಯೂ ಸುಮಾರು ನಲವತ್ತು ಮಂದಿ ಪ್ರತಿನಿಧಿಗಳೂ ಸಾಲಿನಲ್ಲಿ ನಿಂತು ಕಾಂಗ್ರೆಸ್ಸಿನ ಹೊಸ ಅಧ್ಯಕ್ಷರ ಆಯ್ಕೆಗೆ ಮತ ಹಾಕಿದರು. ಸಂಗನಕಲ್ಲು ನವಶಿಲಾಯುಗದ ನೆಲೆ. ಹಳೇ ಪಕ್ಷವನ್ನು ಲೇವಡಿ ಮಾಡಬೇಕೆನ್ನುವವರಿಗೆ ಅಷ್ಟೇ ಸಾಕಿತ್ತು. ಎರಡು ದಿನ ಬಿಟ್ಟು ದೆಹಲಿಯಲ್ಲಿ ಎಣಿಕೆಯಾಯಿತು: ಮಲ್ಲಿಕಾರ್ಜುನ ಖರ್ಗೆ 7,897, ಶಶಿ ತರೂರ್ 1,072. ನಿಜಲಿಂಗಪ್ಪನವರ ನಂತರ ಆ ಕುರ್ಚಿಯಲ್ಲಿ ಕೂತ ಎರಡನೇ ಕನ್ನಡಿಗ ಖರ್ಗೆ.

ಇಲ್ಲಿ ಕಣ್ಣಿಡಬೇಕಾದ್ದು ಅಂಕಿಗಿಂತ ಮೊದಲು ದಿನಾಂಕದ ಮೇಲೆ. ಲೋಕಸಭೆಯಲ್ಲಿ ಪಕ್ಷ 52 ಸ್ಥಾನಕ್ಕೆ ನಿಂತದ್ದು 2019ರ ಮೇ ತಿಂಗಳಲ್ಲಿ. ಸೋಲಿನ ಹೊಣೆ ಹೊತ್ತು ರಾಹುಲ್ ತಮ್ಮ ರಾಜೀನಾಮೆ ಪತ್ರವನ್ನು ಬಹಿರಂಗಪಡಿಸಿದ್ದು ಜುಲೈ 3ರಂದು. ಆಗಸ್ಟ್‌ನಲ್ಲಿ ಸೋನಿಯಾ ಗಾಂಧಿ ಹಂಗಾಮಿ ಅಧ್ಯಕ್ಷರಾದರು. ಹಂಗಾಮಿ ಎನ್ನುವುದು ಮೂರು ವರ್ಷ ದಾಟಿತು. ನಡುವೆ 2020ರಲ್ಲಿ 23 ಮಂದಿ ಹಿರಿಯರು ಪೂರ್ಣಾವಧಿ ಅಧ್ಯಕ್ಷರು ಬೇಕು ಎಂದು ಪತ್ರ ಬರೆದರು. ಪತ್ರದಲ್ಲಿ ಇದ್ದದ್ದಕ್ಕಿಂತ, ಅದು ಸೋರಿಕೆಯಾದದ್ದು ಹೇಗೆ ಎಂಬುದರ ಬಗ್ಗೆಯೇ ಪಕ್ಷದಲ್ಲಿ ಹೆಚ್ಚು ಗಲಾಟೆಯಾಯಿತು.

ಪಕ್ಷವೊಂದು ಸೋತು ಹೊಸ ನಾಯಕನನ್ನು ಹುಡುಕುವ ಹೊತ್ತಿಗೆ ಪತ್ರಿಕೆಗಳಲ್ಲೂ ಟೀವಿಯಲ್ಲೂ ಒಂದೇ ಪ್ರಶ್ನೆ ಓಡಾಡುತ್ತದೆ: ಯಾರು? ಯಾರ ಹೆಸರು ಮುಂಚೂಣಿಯಲ್ಲಿದೆ, ಯಾವ ಸಮುದಾಯಕ್ಕೆ ಈ ಸಲ, ಯಾರು ದೆಹಲಿಗೆ ದೌಡಾಯಿಸಿದರು. ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದಿದೆ: ಆರಿಸುವವರು ಯಾರು? ಸೋಲಿನ ಗಾಳಿ ಎದ್ದಾಗ ಮೊದಲು ಉರುಳುವವರು ಸಾವಿರ, ಎರಡು ಸಾವಿರ ಮತಗಳ ಅಂತರದಲ್ಲಿ ಗೆದ್ದುಬರುತ್ತಿದ್ದವರು. ಮತದಾರನ ಮುನಿಸು ಏನು, ಎಲ್ಲಿಂದ ಶುರುವಾಯಿತು ಎಂಬುದು ಅವರಿಗೆ ಹೆಸರು, ಊರು ಸಮೇತ ಗೊತ್ತಿರುತ್ತದೆ. ಉಳಿಯುವವರು ಯಾವ ಗಾಳಿಗೂ ಅಲುಗದ ಕ್ಷೇತ್ರದವರು. ಅವರ ಮಟ್ಟಿಗೆ ಸೋಲು ಎಂದರೆ ಅಧಿಕಾರ ಹೋದದ್ದು. ಅವರ ಬೂತಿನಲ್ಲಿ ಮತ ಕಡಿಮೆಯಾಗಿರುವುದಿಲ್ಲ. ಹೊಸ ನಾಯಕನನ್ನು ಆರಿಸುವ ಹಕ್ಕು ಇಂಥವರ ಪಾಲಿಗೆ ಬರುತ್ತದೆ. ಪಕ್ಷ ಬಿಟ್ಟುಹೋದ ಮತದಾರನ ಮಾತು ಹಾಗಿರಲಿ, ಅವನನ್ನು ಕಳೆದುಕೊಂಡ ಅಭ್ಯರ್ಥಿಗೂ ಆ ಕೋಣೆಯಲ್ಲಿ ಮತವಿಲ್ಲ. ಸೋಲಿನ ನಂತರದ ನಾಯಕತ್ವದ ಆಯ್ಕೆಗಳು ಅಷ್ಟೊಂದು ಸಲ ಎಡವುವುದಕ್ಕೆ ಆಯ್ಕೆಯಾದವರ ದೌರ್ಬಲ್ಯಕ್ಕಿಂತ ಈ ಲೆಕ್ಕವೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ಕಣ್ಣೆದುರಿನ ಉದಾಹರಣೆಗೆ ದೂರ ಹೋಗಬೇಕಿಲ್ಲ. 2023ರ ಮೇ 13ರಂದು ಕರ್ನಾಟಕದಲ್ಲಿ ಬಿಜೆಪಿ 66 ಸ್ಥಾನಕ್ಕೆ ಇಳಿಯಿತು. ಚಿಕ್ಕಮಗಳೂರಿನಲ್ಲಿ ಸಿ.ಟಿ. ರವಿ, ಶಿರಸಿಯಲ್ಲಿ ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ, ಬಳ್ಳಾರಿ ಗ್ರಾಮಾಂತರದಲ್ಲಿ ಶ್ರೀರಾಮುಲು, ಮುಧೋಳದಲ್ಲಿ ಗೋವಿಂದ ಕಾರಜೋಳ, ಚಿಕ್ಕನಾಯಕನಹಳ್ಳಿಯಲ್ಲಿ ಮಾಧುಸ್ವಾಮಿ ಸೋತರು. ವರುಣ, ಚಾಮರಾಜನಗರ ಎರಡೂ ಕಡೆ ಸೋಮಣ್ಣ ಸೋತರು. ಅಂದರೆ ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಹೆಸರು ಓಡಬಹುದಾಗಿದ್ದ ಅರ್ಧಕ್ಕರ್ಧ ಮಂದಿ ವಿಧಾನಸಭೆಯ ಬಾಗಿಲಾಚೆ ಉಳಿದರು. ಅವರ ಜಾಗದಲ್ಲಿ ಯಾರು ಎನ್ನುವುದಕ್ಕೆ ಆರು ತಿಂಗಳು ಉತ್ತರ ಬರಲಿಲ್ಲ.

ಆ ಆರು ತಿಂಗಳು ಕರ್ನಾಟಕದ ಶಾಸಕಾಂಗದಲ್ಲಿ ವಿಚಿತ್ರವಾಗಿದ್ದವು. ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಮಂಡಿಸಿದಾಗ ಎದುರುಗಡೆ ಸಂಪುಟ ದರ್ಜೆಯ ಆ ಕುರ್ಚಿ ಖಾಲಿ. ಬಸವರಾಜ ಬೊಮ್ಮಾಯಿ ಮಾತನಾಡುತ್ತಿದ್ದರು, ಆದರೆ ಯಾವ ಹುದ್ದೆಯಿಂದ ಎನ್ನುವುದು ಅವರಿಗೂ ಸಭೆಗೂ ಮುಜುಗರದ ವಿಷಯ. ಸರ್ಕಾರದ ವಿರುದ್ಧ ಸಾಕ್ಷಿ ಇದೆ ಎಂದು ಪೆನ್‌ಡ್ರೈವ್ ಹಿಡಿದು ಸುದ್ದಿ ಮಾಡಿದವರು 19 ಶಾಸಕರ ಜೆಡಿಎಸ್‌ನ ಕುಮಾರಸ್ವಾಮಿ. ವಿರೋಧ ಪಕ್ಷದ ನಾಯಕ ಎಲ್ಲಿ ಎಂದು ಕಾಂಗ್ರೆಸ್ಸಿಗರು ದಿನಕ್ಕೊಂದು ಸಲ ಕೆಣಕುತ್ತಿದ್ದರು. ದೆಹಲಿಯಿಂದ ಮನ್ಸುಖ್ ಮಾಂಡವೀಯ, ವಿನೋದ್ ತಾವ್ಡೆ ವೀಕ್ಷಕರಾಗಿ ಬಂದು ಶಾಸಕರ ಅಭಿಪ್ರಾಯ ಕೇಳಿಕೊಂಡು ಹೋದರು. ಯಾರಿಗೆ ಎಷ್ಟು ಬೆಂಬಲ ಎಂದು ಯಾರೂ ಹೇಳಲಿಲ್ಲ. ನವೆಂಬರ್ 10ರಂದು ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾದರು, 17ರಂದು ಆರ್. ಅಶೋಕ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದರು. ಲಿಂಗಾಯತರಿಗೊಂದು, ಒಕ್ಕಲಿಗರಿಗೊಂದು. ಈ ಲೆಕ್ಕವನ್ನು ಮೇ 14ರಂದೇ ಯಾವ ಟೀ ಅಂಗಡಿಯಲ್ಲಾದರೂ ಹಾಕಿಕೊಡುತ್ತಿದ್ದರು.

ಅಶೋಕರ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಕ್ಷ ಅವರನ್ನು ಎರಡು ಕಡೆ ನಿಲ್ಲಿಸಿತ್ತು. ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಎದುರು ಅವರು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಸೋತರು. ಪದ್ಮನಾಭನಗರದಲ್ಲಿ ಎಂದಿನಂತೆ ಗೆದ್ದರು. ಒಂದೇ ಚುನಾವಣೆಯಲ್ಲಿ ಒಬ್ಬರೇ ಮನುಷ್ಯ ಪಕ್ಷಕ್ಕೆ ನೆಲೆಯಿಲ್ಲದ ಕಡೆಯ ಉತ್ತರವನ್ನೂ ಗಟ್ಟಿ ನೆಲೆ ಇರುವ ಕಡೆಯ ಉತ್ತರವನ್ನೂ ಪಡೆದುಬಂದಿದ್ದರು. ಅವರನ್ನು ನಾಯಕನ ಕುರ್ಚಿಗೆ ಕರೆತಂದದ್ದು ಎರಡನೆಯ ಉತ್ತರ. ಹಳೇ ಮೈಸೂರು ಸೀಮೆಯಲ್ಲಿ ಬಿಜೆಪಿ ಏಕೆ ಬೇರು ಬಿಡುತ್ತಿಲ್ಲ ಎಂಬ ಪ್ರಶ್ನೆಗೆ ಕನಕಪುರದ ಫಲಿತಾಂಶದಲ್ಲಿ ಹೆಚ್ಚು ಮಾಹಿತಿ ಇತ್ತು. 2019ರಲ್ಲಿ ರಾಹುಲ್ ಗಾಂಧಿಗೆ ಆದದ್ದೂ ಇದೇ. ಅಮೇಠಿ ಕೈಬಿಟ್ಟಿತು, ವಯನಾಡ್ ಕೈಹಿಡಿಯಿತು, ಅವರು ಲೋಕಸಭೆಗೆ ಬಂದರು.

224 ಕ್ಷೇತ್ರಗಳಲ್ಲಿ 66 ಕಳೆದರೆ ಉಳಿಯುವುದು 158. ನಮ್ಮ ಪಕ್ಷಗಳು ಸೋತ ಮೇಲೆ ತಪ್ಪದೆ ಒಂದು ಪರಾಜಿತ ಅಭ್ಯರ್ಥಿಗಳ ಸಭೆ ಕರೆಯುತ್ತವೆ. ಅದಕ್ಕೆ ಆತ್ಮಾವಲೋಕನ ಎಂದು ಹೆಸರು. ಅಲ್ಲಿ ಟಿಕೆಟ್ ತಡವಾದದ್ದು, ದುಡ್ಡು ಬಾರದ್ದು, ಒಳಗಿನವರೇ ಕಾಲೆಳೆದದ್ದು, ಅಡ್ಜಸ್ಟ್‌ಮೆಂಟ್ ರಾಜಕಾರಣ, ಎಲ್ಲದರ ಪಟ್ಟಿ ಒಪ್ಪಿಸಿ, ಊಟ ಮಾಡಿ, ಅವರವರ ಊರಿಗೆ ಹೋಗುತ್ತಾರೆ. ಆ 158 ಕ್ಷೇತ್ರಗಳಲ್ಲಿ ಸೋತವರಿಗೆ ನಾಯಕನ ಆಯ್ಕೆಯಲ್ಲಿ ಒಂದು ಮತವಿದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೋ ಇಲ್ಲವೋ, ನಾಯಕರಾಗಲು ಹೊರಟವರು ಹೇಳುವ ಮಾತಂತೂ ಬದಲಾಗುತ್ತಿತ್ತು. ಬಿಜೆಪಿ ಶಾಸಕ ಬಸನಗೌಡ ಪಾಟೀಲ ಯತ್ನಾಳ, ವಿಜಯೇಂದ್ರ ಮತ್ತು ಅಶೋಕರ ನೇಮಕಗಳನ್ನು ಮೊದಲಿನಿಂದಲೂ ಬಹಿರಂಗವಾಗಿ ವಿರೋಧಿಸಿದರು. ಜಗಳ 2025ರ ಮಾರ್ಚ್‌ನಲ್ಲಿ ಅವರ ಉಚ್ಚಾಟನೆಗೆ ಬಂದು ನಿಂತಿತು. ಎಣಿಕೆಯಲ್ಲಿ ಸೋತಿದ್ದರೆ ಯತ್ನಾಳರಿಗೆ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಎಣಿಕೆಯೇ ನಡೆಯಲಿಲ್ಲವಾದ್ದರಿಂದ ಅವರ ಬಾಯಿಗೆ ಬೀಗ ಬೀಳಲೂ ಇಲ್ಲ.

ಹಾಗಂತ ವಿಳಂಬಕ್ಕೆ ಮತದಾರ ಕೂಡಲೇ ದಂಡ ಹಾಕಿದ ಎನ್ನುವಂತಿಲ್ಲ. 2024ರ ಲೋಕಸಭೆಯಲ್ಲಿ ಬಿಜೆಪಿ 17, ಜೊತೆಗಿದ್ದ ಜೆಡಿಎಸ್ 2. ಹಿಂದಿನ 25ಕ್ಕೆ ಹೋಲಿಸಿದರೆ ಇಳಿಕೆ, 66 ಶಾಸಕರ ಪಕ್ಷಕ್ಕೆ ಹೋಲಿಸಿದರೆ ಏರಿಕೆ. ಆದರೆ ಅದು ದೆಹಲಿಯ ಹೆಸರಿನಲ್ಲಿ ನಡೆದ ಚುನಾವಣೆ, ರಾಜ್ಯದ ನಾಯಕತ್ವದ ಪರೀಕ್ಷೆಯಲ್ಲ.

ಆರಿಸುವವರು ಯಾರು ಎಂಬ ಪ್ರಶ್ನೆಯ ಮೇಲೆ ಬ್ರಿಟನ್ನಿನ ಪಕ್ಷಗಳಷ್ಟು ಪ್ರಯೋಗ ಮಾಡಿದವರು ಬೇರೆ ಇಲ್ಲ. ಕನ್ಸರ್ವೇಟಿವ್ ಪಕ್ಷದಲ್ಲಿ 1965ರವರೆಗೆ ನಾಯಕನಿಗಾಗಿ ಚುನಾವಣೆಯೇ ಇರಲಿಲ್ಲ. ಹಿರಿಯರು ಒಳಗೊಳಗೇ ಮಾತಾಡಿಕೊಂಡು ಒಬ್ಬರನ್ನು ತಂದು ನಿಲ್ಲಿಸುತ್ತಿದ್ದರು. ನಮ್ಮ ಹೈಕಮಾಂಡ್ ಸಂಸ್ಕೃತಿಯನ್ನು ಹಳಿಯುವಾಗ ಇದನ್ನೂ ನೆನೆಯಬೇಕು. 1964ರ ಸೋಲಿನ ಮರುವರ್ಷ ಸಂಸದರಿಗೆ ಮತ ಬಂತು. ಹಾಗೆ ಗೆದ್ದ ಎಡ್ವರ್ಡ್ ಹೀತ್ 1974ರಲ್ಲಿ ಎರಡು ಚುನಾವಣೆ ಸೋತು, 1975ರಲ್ಲಿ ಮಾರ್ಗರೆಟ್ ಥ್ಯಾಚರ್ ಎದುರು ಮೊದಲ ಸುತ್ತಿನಲ್ಲೇ 119–130ರಿಂದ ಹಿಂದೆ ಬಿದ್ದರು. ಸಂಸದರ ಮತಪೆಟ್ಟಿಗೆ ಅಂದು ಕೊಟ್ಟ ತೀರ್ಪು ಚರಿತ್ರೆಯನ್ನೇ ತಿರುಗಿಸಿತು.

1997ರಲ್ಲಿ ಅದೇ ಪೆಟ್ಟಿಗೆ ಬೇರೆ ಆಟ ಆಡಿತು. ಟೋನಿ ಬ್ಲೇರ್ ಅಲೆಯಲ್ಲಿ ಕನ್ಸರ್ವೇಟಿವರು 165ಕ್ಕೆ ಇಳಿದರು. ಮುಂದಿನ ನಾಯಕ ಎಂದು ಎಲ್ಲರೂ ಎಣಿಸಿದ್ದ ಮೈಕಲ್ ಪೊರ್ಟಿಲೊ ತಮ್ಮ ಎನ್‌ಫೀಲ್ಡ್ ಸೌತ್‌ಗೇಟ್ ಕ್ಷೇತ್ರವನ್ನೇ ಕಳೆದುಕೊಂಡು ಸ್ಪರ್ಧೆಯಿಂದ ಆಚೆ ಬಿದ್ದರು. 1983ರಲ್ಲಿ ಲೇಬರ್ ಪಕ್ಷದ ಟೋನಿ ಬೆನ್ ಅವರಿಗೂ ಬ್ರಿಸ್ಟಲ್‌ನಲ್ಲಿ ಹೀಗೇ ಆಗಿ, ಎಡಪಂಥೀಯರ ಮುಂದಾಳು ಇಲ್ಲದ ಸ್ಪರ್ಧೆಯಲ್ಲಿ ನೀಲ್ ಕಿನ್ನಕ್ ಸಲೀಸಾಗಿ ಗೆದ್ದಿದ್ದರು. ಪೊರ್ಟಿಲೊ ಇಲ್ಲದ ಕಣದಲ್ಲಿ ಕೆನೆತ್ ಕ್ಲಾರ್ಕ್ ಮೊದಲ ಸುತ್ತಿನಲ್ಲಿ ಮುಂದಿದ್ದರೂ, ಮುಖ್ಯವಾಗಿ ಯುರೋಪಿನ ಪರ ಎಂಬ ಕಾರಣಕ್ಕೆ ಕೊನೆಯ ಸುತ್ತಿನಲ್ಲಿ ಹೆಚ್ಚಿನವರು 36ರ ಹರೆಯದ ವಿಲಿಯಂ ಹೇಗ್ ಅವರನ್ನು ಗೆಲ್ಲಿಸಿದರು. 2001ರಲ್ಲಿ ಹೇಗ್ ಗಳಿಸಿದ್ದು 166. ನಾಲ್ಕು ವರ್ಷದ ನಾಯಕತ್ವಕ್ಕೆ ಒಂದು ಸ್ಥಾನ ಹೆಚ್ಚುವರಿ.

ಅಷ್ಟರಲ್ಲಿ ಹೇಗ್ ನಿಯಮ ಬದಲಿಸಿ, ಕೊನೆಯ ಇಬ್ಬರಲ್ಲಿ ಒಬ್ಬರನ್ನು ಸಾಮಾನ್ಯ ಸದಸ್ಯರೇ ಆರಿಸುವಂತೆ ಮಾಡಿದ್ದರು. ಪ್ರಜಾಪ್ರಭುತ್ವ ಹೆಚ್ಚಾಯಿತು, ಮತ ಹಾಕುವವರು ಮಾತ್ರ ಇನ್ನಷ್ಟು ಕಟ್ಟಾ ನಿಷ್ಠರು. ಎಲ್ಲ ಬಿಟ್ಟುಹೋದ ಮೇಲೂ ಸದಸ್ಯತ್ವದ ಚಂದಾ ಕಟ್ಟುತ್ತಿರುವವನು ಪಕ್ಷವನ್ನು ಬಿಟ್ಟವನಂತೆ ಯೋಚಿಸಲಾರ. 2001ರಲ್ಲಿ ಅವರು ಮತ್ತೆ ಕ್ಲಾರ್ಕ್ ಅವರನ್ನು ಬದಿಗೊತ್ತಿ ಇಯಾನ್ ಡಂಕನ್ ಸ್ಮಿತ್ ಅವರಿಗೆ ಸುಮಾರು ಶೇ 61 ಮತ ಕೊಟ್ಟರು. ಎರಡೇ ವರ್ಷದಲ್ಲಿ ಸಂಸದರು 90–75ರ ಅವಿಶ್ವಾಸದಲ್ಲಿ ಅವರನ್ನು ಕೆಳಗಿಳಿಸಿದರು. ಲೇಬರ್ ಪಕ್ಷದಲ್ಲಿ 2015ರ ಸೋಲಿನ ನಂತರ ಇದೇ ನಾಟಕ ಇನ್ನೂ ದೊಡ್ಡ ರಂಗದಲ್ಲಿ ನಡೆಯಿತು. 35 ಸಂಸದರ ಸೂಚನೆ ಬೇಕಿದ್ದ ಕಡೆ ಗಡುವಿಗೆ ನಿಮಿಷಗಳಿರುವಾಗ 36 ಗಿಟ್ಟಿಸಿಕೊಂಡ ಜೆರೆಮಿ ಕಾರ್ಬಿನ್, ಮೂರು ಪೌಂಡ್ ಕಟ್ಟಿ ಹೆಸರು ನೋಂದಾಯಿಸಿದವರೂ ಸೇರಿದ ಮತದಾರರಿಂದ ಮೊದಲ ಸುತ್ತಿನಲ್ಲೇ ಶೇ 59.5 ಪಡೆದರು. ಚರ್ಚೆಗೆ ಒಂದು ಎಡ ದನಿಯೂ ಇರಲಿ ಎಂದು ಸಹಿ ಹಾಕಿದ್ದ ಕೆಲವರು ಆಮೇಲೆ ಕೈ ಹಿಸುಕಿಕೊಂಡರು. ಮರುವರ್ಷ ಸಂಸದರು 172–40ರಿಂದ ಅವಿಶ್ವಾಸ ಸೂಚಿಸಿದರು, ಸದಸ್ಯರು ಮತ್ತೆ ಅವರನ್ನೇ ಗೆಲ್ಲಿಸಿದರು. ಒಂದೇ ಪಕ್ಷದಲ್ಲಿ ಎರಡು ಮತದಾರರ ಪಟ್ಟಿ ಇದ್ದು, ಎರಡೂ ಬೇರೆ ಬೇರೆ ನಾಯಕನನ್ನು ಬಯಸಿದರೆ ಆ ಪಕ್ಷದ ಶಕ್ತಿಯೆಲ್ಲ ಒಳಜಗಳಕ್ಕೇ ಸರಿಹೋಗುತ್ತದೆ.

ಈ ಆಟ ಎಷ್ಟು ಸಣ್ಣತನಕ್ಕೆ ಇಳಿಯಬಹುದು ಎಂಬುದಕ್ಕೆ 2024ರ ಅಕ್ಟೋಬರ್ ಸಾಕ್ಷಿ. 121 ಸಂಸದರಿಗೆ ಕುಸಿದಿದ್ದ ಕನ್ಸರ್ವೇಟಿವ್ ಪಕ್ಷದಲ್ಲಿ, 8ರಂದು ನಡೆದ ಸುತ್ತಿನಲ್ಲಿ ಜೇಮ್ಸ್ ಕ್ಲೆವರ್ಲಿ 39 ಮತದೊಂದಿಗೆ ಮೊದಲಿಗರು. ಟಾಮ್ ಟುಗೆಂಡಾಟ್ 20 ಮತ ಪಡೆದು ಹೊರಬಿದ್ದರು, ಆ ಮತಗಳಲ್ಲಿ ಬಹುಪಾಲು ಕ್ಲೆವರ್ಲಿ ಕಡೆಗೆ ಹರಿಯುತ್ತವೆ ಎಂದೇ ಎಲ್ಲರ ಎಣಿಕೆ. ಮರುದಿನ ಫಲಿತಾಂಶ ಓದಿದಾಗ ಕೆಮಿ ಬೇಡನಾಕ್ 42, ರಾಬರ್ಟ್ ಜೆನ್ರಿಕ್ 41, ಕ್ಲೆವರ್ಲಿ 37. ಕೊನೆಯ ಸುತ್ತಿಗೆ ತಮಗೆ ಬೇಕಾದ ಎದುರಾಳಿಯನ್ನು ತರಲು ಕ್ಲೆವರ್ಲಿ ಬೆಂಬಲಿಗರು ಮತ ಎರವಲು ಕೊಡಲು ಹೋಗಿ ತಮ್ಮವನನ್ನೇ ಮುಳುಗಿಸಿದರು ಎಂಬುದು ಅಂದಿನಿಂದ ಚಾಲ್ತಿಯಲ್ಲಿರುವ ವಿವರಣೆ. ಅತಿ ಜಾಣರ ಎಣಿಕೆ ತಪ್ಪುವುದು ಹೀಗೆ. ಸೋಲಿನ ಕಾರಣದ ಚರ್ಚೆ ಆ ಎರಡು ದಿನಗಳಲ್ಲಿ ಎಲ್ಲಿಯೂ ಇರಲಿಲ್ಲ. ಬೇಡನಾಕ್ ಸದಸ್ಯರ 53,806 ಮತ ಪಡೆದು ನಾಯಕಿಯಾದರು.

ಇದೇ ಪಕ್ಷ 2005ರಲ್ಲಿ ಬೇರೊಂದು ದಾರಿ ಹಿಡಿದಿತ್ತು, ಅದೂ ಹೆಚ್ಚು ಯೋಚಿಸಿ ಹಿಡಿದದ್ದೇನಲ್ಲ. ಮೇ ತಿಂಗಳ ಸೋಲಿನ ಮರುದಿನವೇ ಮೈಕಲ್ ಹೋವರ್ಡ್ ತಾವು ಇಳಿಯುವುದಾಗಿ ಹೇಳಿದರು, ಕೂಡಲೇ ಇಳಿಯಲಿಲ್ಲ. ಸದಸ್ಯರ ಕೈಯಿಂದ ಅಂತಿಮ ಮತ ಕಿತ್ತುಕೊಂಡು ಮತ್ತೆ ಸಂಸದರಿಗೇ ಕೊಡುವ ನಿಯಮ ತರಬೇಕೆಂದಿದ್ದರು. ಅದು ಬಿದ್ದುಹೋಯಿತು. ಆಯ್ಕೆ ಮುಗಿಯುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಮೇ ತಿಂಗಳಲ್ಲೇ ಆಯ್ಕೆ ನಡೆದಿದ್ದರೆ ಡೇವಿಡ್ ಡೇವಿಸ್ ಗೆಲ್ಲುವ ಸಾಧ್ಯತೆಯೇ ಹೆಚ್ಚಿತ್ತು. ಅಕ್ಟೋಬರಿನ ಬ್ಲ್ಯಾಕ್‌ಪೂಲ್ ಸಮ್ಮೇಳನದಲ್ಲಿ ಎಲ್ಲ ಆಕಾಂಕ್ಷಿಗಳೂ ವೇದಿಕೆ ಏರಿ ಮಾತಾಡಿದರು. ಡೇವಿಡ್ ಕ್ಯಾಮರೂನ್ ಚೀಟಿ ಹಿಡಿಯದೆ ಮಾತಾಡಿದರು, ಡೇವಿಸ್ ಭಾಷಣ ಸಪ್ಪೆಯಾಯಿತು. ಇದನ್ನು ಸಭೆಯವರಷ್ಟೇ ಕೇಳಲಿಲ್ಲ, ಇಡೀ ದೇಶ ಟೀವಿಯಲ್ಲಿ ನೋಡಿತು, ಪತ್ರಿಕೆಗಳು ಬರೆದವು. ಸದಸ್ಯರು ಡಿಸೆಂಬರಿನಲ್ಲಿ ಮತ ಹಾಕುವ ಹೊತ್ತಿಗೆ ಹೊರಗಿನವರ ಅಭಿಪ್ರಾಯ ಅವರ ಕಿವಿಗೆ ಬಿದ್ದಾಗಿತ್ತು. ಕ್ಯಾಮರೂನ್ ಎರಡು ಪಟ್ಟಿಗೂ ಮಿಕ್ಕಿ ಮತ ಪಡೆದರು, 2010ರಲ್ಲಿ ಪ್ರಧಾನಿಯಾದರು.

ಅಂದರೆ ವಿಳಂಬದಲ್ಲೂ ಎರಡು ಬಗೆ. ಕೆನಡಾದ ಲಿಬರಲ್ ಪಕ್ಷ 2011ರಲ್ಲಿ 34 ಸ್ಥಾನಕ್ಕೆ ಬಿದ್ದಾಗ, ನಾಯಕ ಮೈಕಲ್ ಇಗ್ನಾಟಿಯೆಫ್ ತಮ್ಮ ಕ್ಷೇತ್ರದಲ್ಲೂ ಸೋತಿದ್ದಾಗ, ಬಾಬ್ ರೇ ಹಂಗಾಮಿ ನಾಯಕರಾಗಿ ಸುಮಾರು ಎರಡು ವರ್ಷ ನಡೆಸಿದರು. ಶಾಶ್ವತ ಹುದ್ದೆಗೆ ಅವರು ಸ್ಪರ್ಧಿಸಲಿಲ್ಲ. ಆ ಅವಧಿಯಲ್ಲಿ ಪಕ್ಷ, ಸದಸ್ಯರಲ್ಲದ ಬೆಂಬಲಿಗರೂ ನಾಯಕನಿಗೆ ಮತ ಹಾಕಬಹುದು ಎಂದು ಬಾಗಿಲು ತೆರೆಯಿತು. 2013ರಲ್ಲಿ ಜಸ್ಟಿನ್ ಟ್ರೂಡೊ ಬಂದರು, 2015ರಲ್ಲಿ 184 ಸ್ಥಾನ ಬಂದವು. ಹಂಗಾಮಿ ಎನ್ನುವುದಕ್ಕೆ ಅಲ್ಲಿ ಒಂದು ಕೆಲಸವೂ ಒಂದು ಕೊನೆಯೂ ಇದ್ದವು. 2019ರಿಂದ 2022ರವರೆಗಿನ ಕಾಂಗ್ರೆಸ್ಸಿನಲ್ಲಾಗಲಿ, 2023ರ ಕರ್ನಾಟಕ ಬಿಜೆಪಿಯಲ್ಲಾಗಲಿ ಕಾಲ ಸುಮ್ಮನೆ ಕಳೆಯಿತು. ಯಾರೂ ವೇದಿಕೆ ಏರಿ ಪಕ್ಷ ಏಕೆ ಸೋತಿತು, ನಾನಾದರೆ ಏನು ಮಾಡುತ್ತೇನೆ ಎಂದು ಹೇಳಲಿಲ್ಲ. ಹೇಳುವುದು ನಮ್ಮಲ್ಲಿ ಅಶಿಸ್ತು.

2022ರ ಸ್ಪರ್ಧೆಯಲ್ಲಿ ತರೂರ್ ಮಾತ್ರ ಹೇಳಿದರು. ಪ್ರಣಾಳಿಕೆ ಹಿಡಿದು ರಾಜ್ಯ ರಾಜ್ಯ ಸುತ್ತಿದರು. ಹಲವು ಕಡೆ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರು ಖರ್ಗೆಯವರಿಗೆ ಹಾರ ಹಾಕಲು ಇದ್ದು, ತರೂರ್ ಬಂದ ದಿನ ಊರಲ್ಲಿರಲಿಲ್ಲ. ಪ್ರತಿನಿಧಿಗಳ ಪಟ್ಟಿಯಲ್ಲಿ ಫೋನ್ ನಂಬರ್ ಇಲ್ಲ ಎಂದು ಅವರ ಕಡೆಯವರು ದೂರಿದರು. ಇನ್ನೊಂದು ತಕರಾರು ಕೇಳಲು ಚಿಕ್ಕದು, ಅರ್ಥದಲ್ಲಿ ದೊಡ್ಡದು. ಮತಪತ್ರದಲ್ಲಿ ಬೇಕಾದ ಹೆಸರಿನ ಎದುರು 1 ಎಂದು ಬರೆಯಿರಿ ಎಂದು ಮೊದಲು ಸೂಚನೆ ಹೋಗಿತ್ತು. ಕ್ರಮಸಂಖ್ಯೆ 1 ಖರ್ಗೆಯವರದ್ದು. ಒಂದಕ್ಕೆ ಹಾಕಿ ಎಂಬ ಸಂದೇಶ ಹೋಗುತ್ತದಲ್ಲ ಎಂದು ತರೂರ್ ಕಡೆಯವರು ಆಕ್ಷೇಪಿಸಿದ ಮೇಲೆ, ಚುನಾವಣಾ ಪ್ರಾಧಿಕಾರದ ಮಧುಸೂದನ ಮಿಸ್ತ್ರಿ ಸೂಚನೆ ಬದಲಿಸಿ ಟಿಕ್ ಗುರುತು ಹಾಕಿಸಿದರು. 2000ದಲ್ಲಿ ಸೋನಿಯಾ ಎದುರು ನಿಂತ ಜಿತೇಂದ್ರ ಪ್ರಸಾದರಿಗೆ 94 ಮತ ಬಿದ್ದಿದ್ದವು. 94 ಎಲ್ಲಿ, 1,072 ಎಲ್ಲಿ. ಆ ಮತಗಳಿಗೂ ಯಾರೂ ಹೆಸರು ಹಚ್ಚಲಾಗದು, ಮತದಾನ ಗುಪ್ತವಾಗಿತ್ತು. ಪಕ್ಷದೊಳಗೆ ಹತ್ತರಲ್ಲಿ ಒಬ್ಬರು ಬೇರೆ ಯೋಚಿಸುತ್ತಾರೆ ಎಂದು ಅಧಿಕೃತವಾಗಿ ಗೊತ್ತಾದದ್ದೇ ಆ ಚುನಾವಣೆಯ ಲಾಭ.

ಆದರೂ ಆ ಒಂಬತ್ತು ಸಾವಿರ ಚಿಲ್ಲರೆ ಪ್ರತಿನಿಧಿಗಳು ಯಾರು? ಬ್ಲಾಕ್‌ಗೊಬ್ಬರಂತೆ ಆಯ್ಕೆಯಾಗಬೇಕಾದವರು. ಬಹುತೇಕ ಕಡೆ ಚುನಾವಣೆ ನಡೆಯದೆ, ರಾಜ್ಯದ ಮುಖಂಡರ ಕೋಟಾದಲ್ಲಿ ಬಂದವರು. ಅವರಿಗೆ ಮತ ಕೊಡಲಾಗಿತ್ತು, ಮತ ಯಾರಿಗೆ ಎಂಬ ಗಾಳಿಯೂ ಬೀಸಿತ್ತು. ಮೊದಲು ಕುಟುಂಬದ ಒಲವು ಅಶೋಕ್ ಗೆಹ್ಲೋಟ್ ಕಡೆ ಇತ್ತು. ಜೈಪುರದಲ್ಲಿ ಅವರ ಶಾಸಕರೇ ಸೆಪ್ಟೆಂಬರ್ ಕೊನೆಗೆ ದಂಗೆ ಎದ್ದ ಮೇಲೆ ಅದು ಖರ್ಗೆಯವರತ್ತ ತಿರುಗಿತು. ನಾಮಪತ್ರದ ಕೊನೆಯ ದಿನ ಅವರು ಕಣಕ್ಕೆ ಬಂದರು.

ಕಾಂಗ್ರೆಸ್ಸಿನ ಇತಿಹಾಸದಲ್ಲಿ ಉಳಿದವರ ಆಯ್ಕೆಯನ್ನು ಮತದಾರನೇ ತಿರುಗಿಸಿ ಹಾಕಿದ ಪ್ರಸಂಗವೂ ಒಂದಿದೆ, ಅದರ ಮುಖ್ಯ ಅಂಕ ನಡೆದದ್ದು ಕರ್ನಾಟಕದಲ್ಲಿ. 1977ರಲ್ಲಿ ಪಕ್ಷಕ್ಕೆ 154 ಸ್ಥಾನ. ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಒಂದೂ ಇಲ್ಲ. ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು ಸೋತರು. ಆಂಧ್ರದಲ್ಲಿ 42ರಲ್ಲಿ 41, ಕರ್ನಾಟಕದಲ್ಲಿ 28ರಲ್ಲಿ 26. ಲೋಕಸಭೆಯಲ್ಲಿ ಯಶವಂತರಾವ್ ಚವಾಣ್ ವಿರೋಧ ಪಕ್ಷದ ನಾಯಕರಾದರು, ಪಕ್ಷಕ್ಕೆ ಕಾಸು ಬ್ರಹ್ಮಾನಂದ ರೆಡ್ಡಿ ಅಧ್ಯಕ್ಷರಾದರು. ಸಂಘಟನೆಯ ಲೆಕ್ಕದಲ್ಲಿ ವಿಷಯ ಮುಗಿದಿತ್ತು. ಇಂದಿರಾ ಮುಗಿದಿಲ್ಲ ಎಂದರು. 1978ರ ಜನವರಿಯಲ್ಲಿ ಪಕ್ಷ ಒಡೆಯಿತು. ಅವರ ಬಣಕ್ಕೆ ಹಸ್ತದ ಗುರುತು ಬಂತು.

ಯಾವುದು ನಿಜವಾದ ಕಾಂಗ್ರೆಸ್ ಎಂಬುದನ್ನು ತೀರ್ಮಾನಿಸಿದ್ದು ಕಾರ್ಯಕಾರಿ ಸಮಿತಿಯಲ್ಲ. ಫೆಬ್ರವರಿಯಲ್ಲಿ ಆಂಧ್ರ, ಕರ್ನಾಟಕಗಳ ವಿಧಾನಸಭೆ ಚುನಾವಣೆ ಬಂತು. ದೇವರಾಜ ಅರಸು ಇಂದಿರಾ ಜೊತೆ ನಿಂತಿದ್ದರು. ಕರ್ನಾಟಕದಲ್ಲಿ ಇಂದಿರಾ ಕಾಂಗ್ರೆಸ್ 149 ಗೆದ್ದಿತು, ಅಧಿಕೃತ ಕಾಂಗ್ರೆಸ್ ನೆಲಕಚ್ಚಿತು. ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಲ್ಲಿ ಇಂದಿರಾ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಕಾಫಿ ಸೀಮೆಯ ಮತದಾರರು ರಾಷ್ಟ್ರೀಯ ಪಕ್ಷವೊಂದರ ನಾಯಕತ್ವಕ್ಕೆ ಮೊಹರು ಒತ್ತಿದ ಹಾಗಾಯಿತು. ಇದನ್ನು ಆಂತರಿಕ ಪ್ರಜಾಪ್ರಭುತ್ವ ಎಂದು ಕೊಂಡಾಡಲಾಗದು. ಪಕ್ಷದ ನಿಯಮಗಳನ್ನು ಮುರಿದೇ ಇಂದಿರಾ ಅಲ್ಲಿಗೆ ಬಂದದ್ದು. ಆಮೇಲೆ ಆ ಪಕ್ಷದಲ್ಲಿ ನಿಯಮವೆಂಬುದಕ್ಕೆ ಬೆಲೆ ಉಳಿಯಲಿಲ್ಲ. ಅದರ ರುಚಿ ಮೊದಲು ಕಂಡವರು ಅರಸು ಅವರೇ. 1979ರಲ್ಲಿ ಹೊರಬಿದ್ದು ತಮ್ಮದೇ ಕಾಂಗ್ರೆಸ್ ಕಟ್ಟಿದರು. 1980ರ ಲೋಕಸಭೆಯಲ್ಲಿ ಕರ್ನಾಟಕದ 28ರಲ್ಲಿ 27 ಇಂದಿರಾ ಪಾಲಾದವು.

ನಿಜಲಿಂಗಪ್ಪನವರ ಕಾಲದ ಕತೆ ಇದಕ್ಕೆ ತಿರುಗುಮುರುಗು. 1967ರಲ್ಲಿ ಕಾಮರಾಜ್ ವಿರುಧುನಗರದಲ್ಲಿ ವಿದ್ಯಾರ್ಥಿ ಮುಖಂಡನೊಬ್ಬನ ಎದುರು ಸೋತರು, ಎಸ್.ಕೆ. ಪಾಟೀಲರು ಮುಂಬಯಿಯಲ್ಲಿ ಜಾರ್ಜ್ ಫರ್ನಾಂಡಿಸ್ ಎದುರು ಸೋತರು. ಸೋತ ಈ ಹಿರಿಯರ ಹಿಡಿತ ಸಂಘಟನೆಯ ಮೇಲೆ ಹಾಗೇ ಇತ್ತು. ಅವರ ಒಮ್ಮತದಿಂದ 1968ರಲ್ಲಿ ನಿಜಲಿಂಗಪ್ಪ ಅಧ್ಯಕ್ಷರಾದರು. ಸಂಸದರು ಪ್ರಧಾನಿಯ ಕಡೆ, ಪಕ್ಷದ ಕಚೇರಿ ಹಿರಿಯರ ಕಡೆ. ಎರಡು ವರ್ಷ ತುಂಬುವ ಮೊದಲೇ ಪಕ್ಷ ಎರಡಾಯಿತು. ಸೋತವರಿಗೂ ದನಿ ಬೇಕು ಎಂದು ಮೇಲೆ ವಾದಿಸಿದವನು ಈ ಪ್ರಸಂಗವನ್ನು ಮುಚ್ಚಿಡಬಾರದು. ಸೋತು ಮನೆಗೆ ಹೋದ ಅಭ್ಯರ್ಥಿ ಬೇರೆ, ಸೋತರೂ ಬೀಗದ ಕೈ ಬಿಡದ ಹಿರಿಯ ಬೇರೆ.

ಬಿಜೆಪಿಯಲ್ಲಿ ಬೀಗದ ಕೈ ಇರುವ ಜಾಗವೇ ಬೇರೆ. 1984ರಲ್ಲಿ ಪಕ್ಷಕ್ಕೆ ಎರಡೇ ಸ್ಥಾನ ಬಂದು ವಾಜಪೇಯಿ ಗ್ವಾಲಿಯರ್‌ನಲ್ಲಿ ಸೋತ ಮೇಲೆ, 1986ರಲ್ಲಿ ಅಡ್ವಾಣಿ ಅಧ್ಯಕ್ಷರಾದರು. ಪಕ್ಷದ ದಿಕ್ಕೇ ಬದಲಾಯಿತು. 2009ರಲ್ಲಿ ಅಡ್ವಾಣಿಯವರ ಮುಂದಾಳತ್ವದಲ್ಲಿ 116ಕ್ಕೆ ಇಳಿದಾಗ, ದೆಹಲಿಯ ಹಿರಿಯರನ್ನೆಲ್ಲ ಬಿಟ್ಟು ನಾಗಪುರದ ನಿತಿನ್ ಗಡ್ಕರಿ ಅವರನ್ನು ಡಿಸೆಂಬರಿನಲ್ಲಿ ತಂದು ಕೂರಿಸಲಾಯಿತು. ಬೀಗದ ಕೈ ಹಿಡಿದಿರುವ ಆರೆಸ್ಸೆಸ್ ಚುನಾವಣೆಗೆ ನಿಲ್ಲುವುದಿಲ್ಲ, ಆದ್ದರಿಂದ ಸೋಲುವುದೂ ಇಲ್ಲ. ಯಾವ ಫಲಿತಾಂಶದಲ್ಲೂ ಉಳಿಯುವವರೆಂದರೆ ಅವರೇ. ಕಾಂಗ್ರೆಸ್ಸಿನಲ್ಲೂ ಜೆಡಿಎಸ್‌ನಲ್ಲೂ ಆ ಜಾಗದಲ್ಲಿ ಕುಟುಂಬವಿದೆ. ಜೆಡಿಎಸ್ 2023ರಲ್ಲಿ 19ಕ್ಕೆ ಇಳಿದ ಮೇಲೆ, ಬಿಜೆಪಿ ಮೈತ್ರಿಯನ್ನು ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಹೋದರು, ಕುಮಾರಸ್ವಾಮಿ ಬಂದರು. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ನನ್ನ ವಾದಕ್ಕೆ ಅತಿ ದೊಡ್ಡ ತೊಡಕು ಡಿ.ಕೆ. ಶಿವಕುಮಾರ್. 2019ರ ಡಿಸೆಂಬರ್ 9ರಂದು 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದಿತು, ಕಾಂಗ್ರೆಸ್ಸಿಗೆ ಎರಡು. ಅಂದೇ ಸಿದ್ದರಾಮಯ್ಯ, ದಿನೇಶ್ ಗುಂಡೂರಾವ್ ಇಬ್ಬರೂ ರಾಜೀನಾಮೆ ಕೊಟ್ಟರು. ಮೂರು ತಿಂಗಳು ದೆಹಲಿಯಲ್ಲಿ ಕಡತ ಕೂತಿತು. 2020ರ ಮಾರ್ಚ್ 11ರಂದು ಆದೇಶ ಹೊರಬಿತ್ತು: ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷ, ಸಿದ್ದರಾಮಯ್ಯ ಇದ್ದ ಜಾಗದಲ್ಲೇ ಮುಂದುವರಿಕೆ, ಈಶ್ವರ ಖಂಡ್ರೆ, ಸತೀಶ ಜಾರಕಿಹೊಳಿ, ಸಲೀಂ ಅಹ್ಮದ್ ಕಾರ್ಯಾಧ್ಯಕ್ಷರು. ಒಕ್ಕಲಿಗ, ಕುರುಬ, ಲಿಂಗಾಯತ, ವಾಲ್ಮೀಕಿ, ಮುಸ್ಲಿಂ. ಯಾರೂ ಮತ ಹಾಕಲಿಲ್ಲ, ಯಾರೂ ಭಾಷಣ ಮಾಡಲಿಲ್ಲ. ಮೂರು ವರ್ಷದ ನಂತರ 135 ಸ್ಥಾನ. ಪಕ್ಷದೊಳಗೆ ಪ್ರಜಾಪ್ರಭುತ್ವ ಇದ್ದರೆ ಮಾತ್ರ ಚುನಾವಣೆ ಗೆಲ್ಲಬಹುದು ಎಂಬ ಮಾತನ್ನು ಈ ಒಂದು ಉದಾಹರಣೆಯೇ ಉರುಳಿಸುತ್ತದೆ. ಗೆಲುವಿಗೆ ಎದುರಾಳಿಯ ತಪ್ಪುಗಳು ಸಾಕು, ಬೊಮ್ಮಾಯಿ ಸರ್ಕಾರ ಅವನ್ನು ಧಾರಾಳವಾಗಿ ಒದಗಿಸಿತು.

ಆದರೆ ಎಣಿಸದೆ ಬಿಟ್ಟದ್ದು ಗೆದ್ದ ಮೇಲೆ ಎದುರಿಗೆ ಬಂದು ನಿಲ್ಲುತ್ತದೆ. 2023ರ ಮೇ 14ರಂದು ಬೆಂಗಳೂರಿನ ಹೋಟೆಲಿನಲ್ಲಿ ವೀಕ್ಷಕರು ಶಾಸಕರಿಂದ ಗುಪ್ತ ಮತ ಹಾಕಿಸಿ ಪೆಟ್ಟಿಗೆಯನ್ನು ದೆಹಲಿಗೆ ಒಯ್ದರು, ಎಣಿಕೆ ಹೊರಗೆ ಹೇಳಲಿಲ್ಲ. ಶಾಸಕಾಂಗ ಪಕ್ಷ ಎಂದಿನಂತೆ ತೀರ್ಮಾನವನ್ನು ಹೈಕಮಾಂಡಿಗೆ ಬಿಡುವ ಒಂದು ಸಾಲಿನ ನಿರ್ಣಯ ಮಾಡಿತ್ತು. ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು, ಶಿವಕುಮಾರ್ ಉಪಮುಖ್ಯಮಂತ್ರಿ. ಒಪ್ಪಂದವಾಗಿತ್ತೋ ಇಲ್ಲವೋ, ಎರಡೂವರೆ ವರ್ಷವೋ ಐದು ವರ್ಷವೋ ಎಂಬ ಚರ್ಚೆ ಆ ದಿನ ಶುರುವಾದದ್ದು ನಿಲ್ಲಲಿಲ್ಲ. ಪೆಟ್ಟಿಗೆಯೊಳಗಿನ ಸಂಖ್ಯೆ ಹೊರಬಂದಿದ್ದರೆ ಅರ್ಧ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದ ಲೇಬರ್ ಪಕ್ಷ ಸಂಖ್ಯೆ ಮುಚ್ಚಿಡುವುದಿಲ್ಲ. 2013ರ ಸೋಲಿನ ನಂತರ ಸಂಸದರಿಗೆ ಅರ್ಧ, ಸದಸ್ಯರಿಗೆ ಅರ್ಧ ತೂಕದ ಹೊಸ ನಿಯಮದಲ್ಲಿ, ಸದಸ್ಯರು ಆಂಥನಿ ಅಲ್ಬನೀಸ್ ಅವರನ್ನು ಬಯಸಿದರೂ ಸಂಸದರ ಬಲದಿಂದ ಬಿಲ್ ಶಾರ್ಟನ್ ಗೆದ್ದರು. ಶಾರ್ಟನ್ 2016ರಲ್ಲಿ, 2019ರಲ್ಲಿ ಸೋತರು. 2019ರ ಸೋಲಿಗೆ ಕಾರಣವೇನೆಂದು ಪಕ್ಷ ಸಮಿತಿ ಮಾಡಿ, ವರದಿಯನ್ನು ಅದೇ ನವೆಂಬರಿನಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು. ನಾಯಕತ್ವದ ದೌರ್ಬಲ್ಯ, ಗೊಂದಲದ ಭರವಸೆಗಳು ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಅಷ್ಟರಲ್ಲಿ ಅಲ್ಬನೀಸ್ ಅವಿರೋಧ ನಾಯಕರಾಗಿದ್ದರು. 2022ರಲ್ಲಿ ಪ್ರಧಾನಿಯಾದರು.

ನಮ್ಮಲ್ಲಿ ಸೋಲಿನ ವರದಿ ಬರೆಯುವ ಕೆಲಸ ಎ.ಕೆ. ಆಂಟನಿ ಅವರಿಗೆ 1999ರಲ್ಲೂ ಬಂತು, 2014ರಲ್ಲೂ ಬಂತು. ಎರಡೂ ವರದಿಗಳನ್ನು ಪಕ್ಷ ತನ್ನಲ್ಲೇ ಇಟ್ಟುಕೊಂಡಿತು. 2024ರ ಜೂನಿನಲ್ಲಿ, ನಿರೀಕ್ಷೆಗಿಂತ ಕಡಿಮೆ ಗೆದ್ದ ರಾಜ್ಯಗಳಿಗೆ ಕಾಂಗ್ರೆಸ್ ಸತ್ಯಶೋಧನಾ ಸಮಿತಿಗಳನ್ನು ಕಳಿಸಿತು. 28ರಲ್ಲಿ 9 ಗೆದ್ದ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಬಂದವರು ಖರ್ಗೆ–ತರೂರ್ ಚುನಾವಣೆ ನಡೆಸಿದ್ದ ಅದೇ ಮಧುಸೂದನ ಮಿಸ್ತ್ರಿ. ಸೋತ ಅಭ್ಯರ್ಥಿಗಳನ್ನೂ ಮುಖಂಡರನ್ನೂ ಕರೆದು ಕೇಳಿದರು, ಬರೆದುಕೊಂಡರು, ದೆಹಲಿಗೆ ಮರಳಿದರು.